ಸಾಹುಕಾರರ ಲಾಂಚು, ಹುಲಗಪ್ಪನ ಬ್ಯಾಟರಿ

ಮುಂಡರಗಿಯಲ್ಲಿ ನಾನು ಪೋಸ್ಟಿನ ಗುಮಾಸ್ತನಾಗಿದ್ದ ಅಷ್ಟೂ ವರ್ಷಗಳಲ್ಲಿ ಹುಲಗಪ್ಪನಷ್ಟು ಬಾಯಿ ಕೆಟ್ಟ ಮನುಷ್ಯನನ್ನು ನೋಡಲಿಲ್ಲ. ಹಾಗೆಂದು ಅವನು ಬೈಯುತ್ತಿದ್ದನೆಂದಲ್ಲ, ಬೈಯುವುದು ಅವನಿಗೆ ಬರುತ್ತಲೇ ಇರಲಿಲ್ಲ. ಏನು ಕೆಟ್ಟಿದೆ, ಯಾರಿಂದ ಕೆಟ್ಟಿದೆ ಎಂಬುದನ್ನು ಅವರ ಮುಖಕ್ಕೇ ಹೇಳಿಬಿಡುತ್ತಿದ್ದ. ಹೇಳುವಾಗ ನಾಲ್ಕು ಜನ ನಿಂತಿದ್ದಾರೆ, ಎದುರಿಗಿರುವವರು ದೊಡ್ಡ ಮನುಷ್ಯರು, ಇವೆಲ್ಲ ಅವನ ಲೆಕ್ಕಕ್ಕೆ ಇರಲಿಲ್ಲ.

ಅವನದು ಬ್ಯಾಟರಿ ಚಾರ್ಜ್ ಮಾಡುವ ಅಂಗಡಿ. ಬಸ್ ನಿಲ್ಲುವ ಜಾಗದ ಹಿಂದೆ, ನಮ್ಮ ಪೋಸ್ಟ್ ಆಫೀಸಿಗೆ ಗೋಡೆ ಹಚ್ಚಿ ಇತ್ತು. ಯುದ್ಧದ ಕಾಲದಲ್ಲಿ ಪುಣೆಯ ಹತ್ತಿರ ಖಡಕಿಯ ಮಿಲಿಟರಿ ವರ್ಕ್‌ಶಾಪಿನಲ್ಲಿ ಕೆಲಸ ಕಲಿತು, ಸ್ವಾತಂತ್ರ್ಯ ಬರುವ ಹಿಂದಿನ ವರ್ಷ ಊರಿಗೆ ಬಂದಿದ್ದ. ಬರುವಾಗ ಒಂದು ಸೀಮೆಎಣ್ಣೆ ಎಂಜಿನ್ನು, ಒಂದು ಡೈನಮೋ, ಒಂದು ಗಾಜಿನ ನಳಿಗೆ ತಂದಿದ್ದ. ಆ ನಳಿಗೆಯೊಳಗೆ ಒಂದು ತೇಲುವ ಕಡ್ಡಿ. ಬ್ಯಾಟರಿಯ ಆ್ಯಸಿಡ್ಡನ್ನು ಅದರೊಳಗೆ ಎಳೆದರೆ ಕಡ್ಡಿ ಎಷ್ಟು ಮೇಲೆ ತೇಲುತ್ತದೋ ಅಷ್ಟು ಜೀವ ಬ್ಯಾಟರಿಯಲ್ಲಿ ಉಳಿದಿದೆ ಎಂದು ಅರ್ಥ. ಹೆಂಡತಿ ಮೊದಲೇ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಬಸ್ಸಿನವರು, ಲಾರಿಯವರು, ಮನೆಯಲ್ಲಿ ರೇಡಿಯೋ ಇದ್ದ ನಾಲ್ಕೈದು ಸ್ಥಿತಿವಂತರು ಅವನ ಗಿರಾಕಿಗಳು. ಒಮ್ಮೆ ಶಾಲೆಯ ಹೆಡ್‌ಮಾಸ್ತರರು ರೇಡಿಯೋ ಬ್ಯಾಟರಿ ಹೊರಿಸಿಕೊಂಡು ಬಂದರು. ಹುಲಗಪ್ಪ ಮುಚ್ಚಳ ತೆಗೆದು ಮೂಸಿ ನೋಡಿ, "ಮಾಸ್ತರ್ರ, ನೀವು ಹುಡುಗ್ರಿಗೆ ಲೆಕ್ಕ ಕಲಸ್ರಿ, ಬ್ಯಾಟರಿಗೆ ಬಾವಿ ನೀರು ಕುಡಸಬ್ಯಾಡ್ರಿ. ನಮ್ಮೂರ ಸವಳು ನೀರು ಮನಷ್ಯಾರಿಗೆ ಆಗಿ ಬರೂದಿಲ್ಲ, ಇದಕ್ಕ ಎಲ್ಲಿ ಆಗಿ ಬರತೈತಿ?" ಎಂದ. ಸುತ್ತ ನಿಂತಿದ್ದವರು ನಕ್ಕರು. ಹೆಡ್‌ಮಾಸ್ತರರು ಆರು ತಿಂಗಳು ಅವನ ಅಂಗಡಿಯ ಮುಂದೆ ಹಾಯಲಿಲ್ಲ. ಆಮೇಲೆ ಬಂದರು. ಬರದೆ ಎಲ್ಲಿಗೆ ಹೋದಾರು, ಗದಗಿನವರೆಗೆ ಅಷ್ಟು ಚೆನ್ನಾಗಿ ಕೆಲಸ ಬಲ್ಲವ ಇನ್ನೊಬ್ಬನಿರಲಿಲ್ಲ.

ಈ ಕಥೆ ನಡೆದದ್ದು ಕರ್ನಾಟಕ ಒಂದಾದ ವರ್ಷ, ಸಾವಿರದ ಒಂಬೈನೂರ ಐವತ್ತಾರರಲ್ಲಿ. ಆಗ ನಾವು ಮುಂಡರಗಿಯವರು ಮುಂಬಯಿ ರಾಜ್ಯದವರು. ಏಳೆಂಟು ಮೈಲು ಆಚೆ ಕೊರ್ಲಹಳ್ಳಿಯಲ್ಲಿ ತುಂಗಭದ್ರೆ ದಾಟಿದರೆ ಹಡಗಲಿ ಸೀಮೆ, ಅದು ಮೈಸೂರು ರಾಜ್ಯ. ಎರಡೂ ದಂಡೆಯಲ್ಲಿ ಅದೇ ಜೋಳದ ರೊಟ್ಟಿ, ಅದೇ ಮಾತು. ಕೊಡುವುದು ತರುವುದು, ಮದುವೆ ಮುಂಜಿ ಎಲ್ಲ ಆಚೆ ಈಚೆ ನಡೆಯುತ್ತಿತ್ತು. ಬೇರೆಯಿದ್ದದ್ದು ಸರಕಾರ ಮಾತ್ರ.

ಆ ವರ್ಷ ಶಿವರಾತ್ರಿ ಮುಗಿದ ಮೇಲೆ ಬೆಟಗೇರಿಯ ಹತ್ತಿ ಗಿರಣಿಯ ಅಂದಾನಪ್ಪ ಸಾಹುಕಾರರಿಗೆ ಒಂದು ಹುಚ್ಚು ಹಿಡಿಯಿತು. ಮುಂಬಯಿಯ ಹರಾಜಿನಲ್ಲಿ ಒಂದು ಹಳೆಯ ಮೋಟಾರು ಲಾಂಚು ಕೊಂಡು, ಲಾರಿಯ ಮೇಲೆ ಹೇರಿಸಿಕೊಂಡು ಬಂದು ಕೊರ್ಲಹಳ್ಳಿಯ ಮಡುವಿನಲ್ಲಿ ಇಳಿಸಿದರು. ಅಲ್ಲಿ ಬೇಸಿಗೆಯಲ್ಲೂ ಆನೆ ಮುಳುಗುವಷ್ಟು ನೀರು. ಪ್ರತಿ ಭಾನುವಾರ ಕಾರಿನಲ್ಲಿ ನೆಂಟರು ಸ್ನೇಹಿತರನ್ನು ಕರೆತಂದು ಲಾಂಚಿನಲ್ಲಿ ಕೂರಿಸಿ, ಮಿರ್ಚಿ ಗಿರಮಿಟ್ಟು ತಿನ್ನಿಸುತ್ತ ನದಿಯಲ್ಲಿ ಎರಡು ತಾಸು ಅಡ್ಡಾಡಿಸುವುದು. ಇದರಿಂದ ಯಾರಿಗೆ ಏನು ಲಾಭ ಎಂದು ನನಗೆ ಆಗಲೂ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ. ಉಳ್ಳವರ ಸಂಭ್ರಮ.

ಲಾಂಚು ನಡೆಸಲು ಕೊರ್ಲಹಳ್ಳಿಯ ಅಂಬಿಗರ ಯಂಕಪ್ಪನನ್ನು ಇಟ್ಟುಕೊಂಡರು. ವಯಸ್ಸು ಮೂವತ್ತರ ಒಳಗೆ, ಮೂಗಿನ ತುದಿಯಲ್ಲಿ ಸಿಟ್ಟು. ತಲೆತಲಾಂತರದಿಂದ ಹರಿಗೋಲು ಹಾಕುತ್ತಿದ್ದ ಮನೆತನ. ಸಾಹುಕಾರರ ಸಂಬಳದ ಆಸೆಗೆ ಅವನು ಹರಿಗೋಲಿನ ಕೆಲಸವನ್ನು ದಾಯಾದಿಗಳಿಗೆ ಬಿಟ್ಟುಕೊಟ್ಟಿದ್ದ. ಹೆಂಡತಿ, ಎರಡು ಮಕ್ಕಳು, ತಾಯಿ ದುರಗವ್ವ ಎಲ್ಲರ ಹೊಟ್ಟೆ ಆ ಲಾಂಚಿನ ಮೇಲೆ. ಸಾಹುಕಾರರು ಅವನಿಗೆ ಹಾಕಿದ ಕಟ್ಟಳೆ ಒಂದೇ: ಅವನನ್ನು ಬಿಟ್ಟು ಊರಿನ ಬೇರೆ ಯಾರೂ ಲಾಂಚಿನಲ್ಲಿ ಕಾಲಿಡಕೂಡದು.

ಒಂದು ತಿಂಗಳು ಎಲ್ಲ ಸುಸೂತ್ರ. ಏಪ್ರಿಲ್ ನಡುವಿನ ಒಂದು ಭಾನುವಾರ ಯಂಕಪ್ಪ ಸ್ಟಾರ್ಟರಿನ ಗುಂಡಿ ಒತ್ತಿದರೆ ಎಂಜಿನ್ನು ಗೊರ್ರೆಂದು ಒಮ್ಮೆ ನರಳಿ ಸುಮ್ಮನಾಯಿತು. ನೆಂಟರೆಲ್ಲ ಬಿಸಿಲಲ್ಲಿ ಕೂತು ಗಿರಮಿಟ್ಟು ತಿಂದು ಮನೆಗೆ ಹೋದರು. ಮರುದಿನ ಬ್ಯಾಟರಿ ಹುಲಗಪ್ಪನ ಅಂಗಡಿಗೆ ಬಂತು. ನಳಿಗೆ ಹಾಕಿ ನೋಡಿದರೆ ಕಡ್ಡಿ ತಳಕ್ಕೆ ಇಳಿದಿತ್ತು. ಬ್ಯಾಟರಿ ಖಾಲಿ.

ಹುಲಗಪ್ಪನದೊಂದು ಪದ್ಧತಿ. ಮೊದಲು ಕೇಳುವುದು, ಆಮೇಲೆ ನೋಡುವುದು, ಎಲ್ಲಕ್ಕೂ ಕೊನೆಗೆ ಮುಟ್ಟುವುದು. ಯಂಕಪ್ಪನನ್ನು ಕೂಡಿಸಿಕೊಂಡು ಕೇಳಿದ, "ಹಿಂದಿನ ಆಯತವಾರ ಛಲೋ ನಡೀತೇನು?"

"ನಡೀತು."

"ನಡುವ ಯಾರರ ಮುಟ್ಯಾರೇನು?"

"ಯಾರ ಮುಟ್ಟತಾರ? ನಾ ಒಬ್ಬನ. ನಾನೂ ಆಯತವಾರ ಬಿಟ್ಟು ಮುಟ್ಟೂದಿಲ್ಲ."

ಹುಲಗಪ್ಪ ಬ್ಯಾಟರಿ ತುಂಬಿಸಿ, ತಾನೇ ಬಟ್ಟಿ ಇಳಿಸಿದ ನೀರು ಹಾಕಿ ಕಳಿಸಿದ. ಮುಂದಿನ ಮೂರು ಭಾನುವಾರ ಲಾಂಚು ಓಡಿತು. ಮೇ ತಿಂಗಳಲ್ಲಿ ಮತ್ತೆ ನಿಂತಿತು. ಈ ಸಲ ಹುಲಗಪ್ಪ ಸೈಕಲ್ಲು ತುಳಿದುಕೊಂಡು ಕೊರ್ಲಹಳ್ಳಿಗೇ ಹೋದ. ಎಂಜಿನ್ನಿನಿಂದ ಡೈನಮೋ ತಿರುಗಿಸುವ ಪಟ್ಟಿ ಸಡಿಲಾಗಿದ್ದರೆ ಬ್ಯಾಟರಿ ತುಂಬುವುದಿಲ್ಲ. ಅದನ್ನು ಬಿಗಿ ಮಾಡಿದ. ಜೂನಿನಲ್ಲಿ ಮತ್ತೆ ನಿಂತಿತು. ಡೈನಮೋ ಬಿಚ್ಚಿ ಒಳಗಿನ ಕಾರ್ಬನ್ ತುಂಡುಗಳನ್ನು ಬದಲಿಸಿದ. ಮಳೆಗಾಲದ ಎರಡು ತಿಂಗಳು ಹೊಳೆ ಬಂದು ಲಾಂಚನ್ನು ದಂಡೆಗೆ ಎಳೆದು ಹಾಕಿದ್ದರಿಂದ ನೆಮ್ಮದಿ. ಸೆಪ್ಟೆಂಬರಿನಲ್ಲಿ ನೀರಿಗಿಳಿಸಿದರು, ಎರಡನೆಯ ವಾರಕ್ಕೇ ನಿಂತಿತು. ಎಂಜಿನ್ನು ನಿಂತಾಗ ಬ್ಯಾಟರಿಯ ಕರೆಂಟು ಡೈನಮೋದೊಳಗೆ ತಿರುಗಿ ಹರಿಯದಂತೆ ತಡೆಯುವ ಕಟೌಟನ್ನು ತೆಗೆದು ಹೊಸದು ಹಾಕಿದ. ಅಕ್ಟೋಬರಿನಲ್ಲಿ ಮತ್ತೆ ಅದೇ ಹಾಡು. ಆ ದಿನವಂತೂ ಒಬ್ಬ ದೊಡ್ಡ ಸರಕಾರಿ ಅಧಿಕಾರಿ ಲಾಂಚಿನಲ್ಲಿದ್ದರು. ಎಂಜಿನ್ನಿನ ಗಾಲಿಗೆ ಹಗ್ಗ ಸುತ್ತಿ ಎಳೆದು ಶುರು ಮಾಡಿ ನಡುನೀರಿಗೆ ಹೋಗಿದ್ದೇ ತಪ್ಪಾಯಿತು, ಅಲ್ಲಿ ಎಂಜಿನ್ನು ಬಂದಾಯಿತು. ಕೊನೆಗೆ ಯಂಕಪ್ಪನ ದಾಯಾದಿಗಳು ಹರಿಗೋಲು ತಂದು, ನಗುತ್ತ, ಲಾಂಚನ್ನು ಎಳೆದುಕೊಂಡು ಬಂದರು.

ಹುಲಗಪ್ಪ ಈ ಸಲ ಒಂದು ಸಣ್ಣ ಬಲ್ಬಿಗೆ ಎರಡು ತಂತಿ ಕಟ್ಟಿಕೊಂಡು ಲಾಂಚಿನ ಒಂದೊಂದು ತಂತಿಯನ್ನೂ ಪರೀಕ್ಷೆ ಮಾಡಿದ. ಎಲ್ಲ ಗುಂಡಿ ಬಂದ್ ಮಾಡಿದಾಗ ಎಲ್ಲಾದರೂ ಕರೆಂಟು ಸೋರುತ್ತಿದ್ದರೆ ಬಲ್ಬು ಹತ್ತಬೇಕು. ಹತ್ತಲಿಲ್ಲ. ಎಲ್ಲಿಯೂ ದೋಷವಿಲ್ಲ. ಸಾಹುಕಾರರು ಎಲ್ಲರೆದುರು ಯಂಕಪ್ಪನಿಗೆ ಹೇಳಿದರು, "ನವಂಬರ್ ನಾಕನೇ ತಾರೀಖು ಆಯತವಾರ ರಾಜ್ಯ ಕೂಡಿದ ಕಾರ್ಯಕ್ರಮ ಐತಿ. ಆಚೀ ದಂಡಿ ಮಂದೀನ್ನ ಲಾಂಚಿನಾಗ ಈಚೀ ದಂಡಿಗೆ ಕರಕೊಂಡು ಬರೂದೈತಿ. ಅವತ್ತೂ ನಿಂತ್ರ, ಸೋಮವಾರದಿಂದ ನೀ ಬರಬ್ಯಾಡ. ಹೊಸಪೇಟಿಯಿಂದ ಬ್ಯಾರೆ ಮನಷ್ಯಾನ್ನ ತರಸ್ತೀನಿ."

ನವೆಂಬರ್ ಒಂದಕ್ಕೆ ರಾಜ್ಯ ಒಂದಾಗುವುದಿತ್ತು. ಊರ ತುಂಬ ತೋರಣ, ಭಾಷಣದ ತಯಾರಿ. ಭಾಷಣ ಎಂದರೆ ನನಗೆ ಮೊದಲಿಂದಲೂ ತಲೆನೋವು. ಅದನ್ನು ತಪ್ಪಿಸಿಕೊಳ್ಳಲು ಅಕ್ಟೋಬರ್ ಕೊನೆಯ ಒಂದು ಸಂಜೆ ಹುಲಗಪ್ಪನ ಅಂಗಡಿಯಲ್ಲಿ ಚಹಾ ಕುಡಿಯುತ್ತ ಕೂತಿದ್ದೆ. ಅವನು ಊಟ ಸೇರದವನಂತೆ ಗೋಡೆ ನೋಡುತ್ತಿದ್ದ. ಗೋಡೆಯ ಮೇಲೆ ಇದ್ದಿಲಿನಲ್ಲಿ ಐದು ತಾರೀಖು ಬರೆದಿದ್ದ. ಲಾಂಚಿನ ಬ್ಯಾಟರಿ ಅಂಗಡಿಗೆ ಬಂದ ದಿನಗಳು: ಏಪ್ರಿಲ್ ಹದಿನಾರು, ಮೇ ಹದಿನಾಲ್ಕು, ಜೂನ್ ಹನ್ನೊಂದು, ಸೆಪ್ಟೆಂಬರ್ ಹತ್ತು, ಅಕ್ಟೋಬರ್ ಎಂಟು.

ನಾನು ಎರಡು ಸಲ ಓದಿದೆ. ನಮ್ಮ ತಂದೆ ಹೋದ ಮೇಲೆ ಪ್ರತಿ ಅಮಾವಾಸ್ಯೆಗೆ ತರ್ಪಣ ಬಿಡುವುದು ನನ್ನ ಪಾಲಿಗೆ ಬಂದಿದೆ. ಬೆಳಿಗ್ಗೆ ತಣ್ಣೀರು, ಎಳ್ಳು, ಆಮೇಲೆ ಹಸಿದ ಹೊಟ್ಟೆಯಲ್ಲಿ ಆಫೀಸು. ಹಾಗಾಗಿ ಆ ದಿನಗಳು ನನ್ನ ಮೈಗೇ ಗೊತ್ತು.

"ಹುಲಗಪ್ಪಾ, ಇವೆಲ್ಲಾ ಅಮಾವಾಸಿ ಆದಮ್ಯಾಲಿನ ಸೋಮವಾರ ನೋಡು. ಒಂದೂ ತಪ್ಪಿಲ್ಲ."

ಅವನು ಚಹಾದ ಬಸಿ ಕೆಳಗಿಟ್ಟ. "ಡೈನಮೋಕ್ಕ ಅಮಾಸಿ ಹುಣ್ಣಿವಿ ಗೊತ್ತಾಗೂದಿಲ್ರಿ ರಾಯರ. ಮನಷ್ಯಾರಿಗೆ ಗೊತ್ತಾಗತೈತಿ. ಯಾರೋ ಮುಟ್ಟಾಕತ್ತಾರ." ನನ್ನತ್ತ ತಿರುಗಿ ಕೇಳಿದ, "ಮುಂದಿನ ಅಮಾಸಿ ಯಾವತ್ತು?"

"ದೀಪಾವಳಿದು. ನವೆಂಬರ್ ಎರಡು, ಶುಕ್ರವಾರ."

"ನಾಕಕ್ಕ ಕಾರ್ಯಕ್ರಮ," ಎಂದ ಹುಲಗಪ್ಪ. "ನೀವೂ ಬರ್ರಿ."

ದೀಪಾವಳಿ ಅಮಾವಾಸ್ಯೆಯ ದಿನ ಮನೆಯ ಹೋಳಿಗೆ ಬಿಟ್ಟು ಸೈಕಲ್ಲಿನ ಮೇಲೆ ಏಳೆಂಟು ಮೈಲು ಹೋದ ಮೂರ್ಖ ಮುಂಡರಗಿಯಲ್ಲಿ ನಾನೊಬ್ಬನೇ ಇರಬೇಕು. ಕತ್ತಲಲ್ಲಿ ಬೆಳಕಿಗೆ ಬೇಕಾದೀತೆಂದು ಹುಲಗಪ್ಪನ ಕ್ಯಾರಿಯರಿಗೆ ಒಂದು ಸಣ್ಣ ರೇಡಿಯೋ ಬ್ಯಾಟರಿ, ಆ ಪರೀಕ್ಷೆಯ ಬಲ್ಬು ಕಟ್ಟಿತ್ತು. ಬಿಸಿಲಿರುವಾಗಲೇ ಮುಟ್ಟಿದೆವು. ಯಂಕಪ್ಪ ಹಬ್ಬದ ಸಾಮಾನಿಗೆಂದು ಊರೊಳಗೆ ಹೋಗಿದ್ದ. ಹುಲಗಪ್ಪ ಲಾಂಚಿನ ಬ್ಯಾಟರಿಗೆ ನಳಿಗೆ ಹಾಕಿ ನೋಡಿದ. ಕಡ್ಡಿ ಮೇಲೆಯೇ ತೇಲುತ್ತಿತ್ತು, ತುಂಬಿದ ಬ್ಯಾಟರಿ. ನಾವು ಊರಿಗೆ ಕಾಣದ ಆ ದಂಡೆಯ ಜಾಲಿ ಗಿಡಗಳ ಮರೆಯಲ್ಲಿ ಕೂತೆವು.

ದೀಪ ಹಚ್ಚುವ ಹೊತ್ತಿಗೆ ಒಬ್ಬ ಮುದುಕಿ ಬಂದಳು. ಯಂಕಪ್ಪನ ತಾಯಿ ದುರಗವ್ವ. ಕೈಯಲ್ಲಿ ತಟ್ಟೆ. ನೀರಿನ ಅಂಚಿನ ಕಲ್ಲಿನ ಮೇಲೆ ಹಣತೆ ಇಟ್ಟು ಹಚ್ಚಿದಳು. ಗಾಳಿಗೆ ಆರಿತು. ಮತ್ತೆ ಹಚ್ಚಿದಳು, ಮತ್ತೆ ಆರಿತು. ಅವಳು ಮೂರನೆಯ ಸಲ ಹಚ್ಚಲಿಲ್ಲ. ಸೀರೆ ಎತ್ತಿ ಕಟ್ಟಿ ನೀರಿಗಿಳಿದು, ಲಾಂಚು ಹತ್ತಿ, ಗುಂಡಿ ಒತ್ತಿದಳು. ಲಾಂಚಿನ ಮುಂದಿನ ಎರಡೂ ದೊಡ್ಡ ದೀಪ ಹತ್ತಿದವು. ಇಳಿದು ಬಂದು ಕಲ್ಲಿನ ಮೇಲೆ ನದಿಗೆ ಮುಖ ಮಾಡಿ ಕೂತಳು.

ಹುಲಗಪ್ಪ ಎದ್ದು ಹೋದ. ನಾನು ಅವನ ಅಂಗಿ ಹಿಡಿಯಹೋದೆ, ಇವನ ಬಾಯಿ ನನಗೆ ಗೊತ್ತಲ್ಲ. ಮುದುಕಿ ಬೆಚ್ಚಲಿಲ್ಲ.

"ಸಾಹುಕಾರಗ ಹೇಳಬ್ಯಾಡಪಾ," ಎಂದಳು. "ಒಳಗ ಏನೂ ಮುಟ್ಟೂದಿಲ್ಲ. ದೀಪ ಹಚ್ಚಿ ಬರತೀನಿ, ಬೆಳಕ ಹರಿಯೂದ್ರಾಗ ಆರಸ್ತೀನಿ. ಎಣ್ಣಿ ಇಲ್ಲ, ಬತ್ತಿ ಇಲ್ಲ, ಯಾರಿಗೂ ಲುಕ್ಸಾನಿಲ್ಲ."

"ಯಾರ ಸಲುವಾಗಿ?"

ಆಗ ಅವಳು ಹೇಳಿದಳು. ಹಿರಿಯ ಮಗ ತಿರಕಪ್ಪ. ಸ್ವಾತಂತ್ರ್ಯ ಬಂದ ದಿನ ಆಚೆ ದಂಡೆಯ ಜನ ಮುಂಡರಗಿಯಲ್ಲಿ ಧ್ವಜ ಏರಿಸುವುದನ್ನು ನೋಡಬೇಕೆಂದರು. ಆಗಸ್ಟ್ ತಿಂಗಳು, ಹೊಳೆ ತುಂಬಿತ್ತು. ತಿರಕಪ್ಪ ಹರಿಗೋಲಿನಲ್ಲಿ ಅವರನ್ನು ಮೂರು ಸರದಿ ಈಚೆಗೆ ತಂದ, ಸಂಜೆ ಮೂರು ಸರದಿ ಆಚೆಗೆ ಬಿಟ್ಟ. ಕೊನೆಗೆ ಒಬ್ಬನೇ ಮರಳುವಾಗ ಕತ್ತಲಾಗಿತ್ತು. ಮರುದಿನ ಅಮಾವಾಸ್ಯೆ. ಹರಿಗೋಲು ಮೈಲುಗಟ್ಟಲೆ ಕೆಳಗೆ ಬಂಡೆಗೆ ಸಿಕ್ಕಿತು. ಅವನು ಸಿಗಲಿಲ್ಲ.

"ಮನ್ಯಾಗಿನವ್ರು ಹೊಳಿಯಾಗ ಇದ್ರ ದಂಡಿಮ್ಯಾಲ ದೀಪ ಇಡೂದು ನಮ್ಮ ಮನಿ ಪದ್ಧತಿ," ಎಂದಳು ದುರಗವ್ವ. "ಅವತ್ತ ನಾ ಇಟ್ಟಿದ್ದಿಲ್ಲ. ನಾನೂ ಝಂಡಾ ನೋಡಾಕ ಮುಂಡರಗಿಗೆ ಹೋಗಿದ್ದೆ. ಬರೂದು ತಡಾ ಆತು. ಅಂವಗ ದಂಡಿ ಕಾಣಲಿಲ್ಲ."

ನಾನು ಬೆಳಿಗ್ಗೆಯಷ್ಟೇ ತಂದೆಗೆ ಎಳ್ಳುನೀರು ಬಿಟ್ಟು ಬಂದಿದ್ದೆ, ಗೊಣಗುತ್ತ. ನನಗೆ ನಾಚಿಕೆಯಾಯಿತು. ಹುಲಗಪ್ಪ ಏನೂ ಹೇಳದೆ ತಿರುಗಿ ಬಂದರೆ ಸಾಕೆಂದು ಬೇಡಿಕೊಂಡೆ. ಅವನು ಹೇಳಿದ. ಹೇಳದೆ ಇರುವುದು ಅವನಿಂದ ಆಗುತ್ತಿರಲಿಲ್ಲ.

"ಯವ್ವಾ, ಈ ದೀಪಾನೂ ಉಣ್ಣತೈತಿ. ಎಣ್ಣಿ ಉಣ್ಣೂದಿಲ್ಲ, ಬ್ಯಾಟರಿ ಉಣ್ಣತೈತಿ. ರಾತ್ರಿಯೆಲ್ಲಾ ಉರದ್ರ ಅದರಾಗ ಏನೂ ಉಳಿಯೂದಿಲ್ಲ. ಆಯತವಾರ ಲಾಂಚ್ ಏಳಂಗಿಲ್ಲ."

ಅವಳು ಲಾಂಚಿನ ದೀಪಗಳ ಕಡೆ ತಿರುಗಿದಳು. "ಹಂಗಾದ್ರ ಐದು ಸರತೆ ಯಂಕಪ್ಪನ್ನ ಬೈಸಿದಾಕಿ ನಾನ?"

"ಹೌದು."

"ನಾಡದು ನಿಂತ್ರ ಅಂವನ ನೌಕರಿ ಹೋಗೂದೂ ನನ್ನಿಂದನ?"

"ಹೌದವ್ವಾ."

ದುರಗವ್ವ ಎದ್ದಳು. ಮತ್ತೆ ನೀರಿಗಿಳಿದು, ಲಾಂಚು ಹತ್ತಿ ದೀಪ ಆರಿಸಿದಳು. ಅಲ್ಲಿಯೇ ಲಾಂಚಿನ ಅಂಚು ಹಿಡಿದುಕೊಂಡು ಅತ್ತಳು. ಒಂಬತ್ತು ವರ್ಷ ಒಬ್ಬ ಮಗನಿಗೆ ಕಾದು ಇನ್ನೊಬ್ಬ ಮಗನ ಅನ್ನ ಕಳೆಯಹೊರಟೆನಲ್ಲ ಎಂದು ಅತ್ತಳು. ನನ್ನ ಕಣ್ಣಲ್ಲೂ ನೀರು ಬಂತು. ಹುಲಗಪ್ಪ ಸೈಕಲ್ಲಿನ ಹತ್ತಿರ ಹೋಗಿ ರೇಡಿಯೋ ಬ್ಯಾಟರಿ ಬಿಚ್ಚಿದ. ಅದನ್ನು ಜಾಲಿ ಗಿಡದ ಬುಡಕ್ಕಿಟ್ಟು, ತಂತಿ ಜೋಡಿಸಿ, ತನ್ನ ಬಲ್ಬನ್ನು ನದಿಯ ಕಡೆಗೆ ಚಾಚಿದ ಟೊಂಗೆಗೆ ಕಟ್ಟಿದ. ಸಣ್ಣ ದೀಪ, ಆದರೆ ಗಾಳಿಗೆ ಆರುವಂಥದ್ದಲ್ಲ.

"ಇದು ಬೆಳತನಕ ಇರತೈತಿ. ಅಮಾಸಿಗೊಮ್ಮೆ ತುಂಬಿಸಿ ಕೊಡತೀನಿ. ಲಾಂಚ್ ಮುಟ್ಟಬ್ಯಾಡ. ಮತ್ತ ಇದನ್ನ ಯಂಕಪ್ಪಗೂ ಹೇಳಬ್ಯಾಡ, ಯಾರಿಗೂ ಹೇಳಬ್ಯಾಡ. ಸಾಹುಕಾರಗ ತಿಳದ್ರ, ಲಾಂಚ್ ಹತ್ತಿದಿ ಅಂತ ಅದಕ್ಕೂ ಅಂವನ ನೌಕರಿ ತಗೀತಾನ."

ಭಾನುವಾರ ಲಾಂಚು ಒಂದೇ ಗುಂಡಿಗೆ ಎದ್ದಿತು. ಆಚೆ ದಂಡೆಯಿಂದ ಹೂಮಾಲೆ ಹಾಕಿಕೊಂಡ ಹಿರಿಯರನ್ನು ತುಂಬಿಕೊಂಡು ಬಂತು. ಎರಡೂ ದಂಡೆಯಲ್ಲಿ ಜನ ಕೂಗಿದರು, ಡೊಳ್ಳು ಬಾರಿಸಿದರು. ನಾನು ಭಾಷಣಗಳ ವೈರಿ, ಆದರೂ ಆ ಹೊತ್ತು ಸಂತೋಷವಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಸಾಹುಕಾರರು ಖುಷಿಯಲ್ಲಿ ಹುಲಗಪ್ಪನನ್ನು ಮುಂದಕ್ಕೆ ಕರೆದರು.

"ಅಂತೂ ರಿಪೇರಿ ಮಾಡಿದಿ. ಹೇಳಪಾ, ಏನಾಗಿತ್ತು? ಯಾರ ತಪ್ಪು?"

ಯಂಕಪ್ಪ ಲಾಂಚಿನ ಹಗ್ಗ ಹಿಡಿದು ನಿಂತಿದ್ದ. ಅವನ ಹಿಂದೆ ಹೆಂಗಸರ ಗುಂಪಿನಲ್ಲಿ ದುರಗವ್ವ. ಅವಳು ಸೆರಗು ಸರಿಪಡಿಸಿಕೊಂಡು, "ಸಾಹುಕಾರ್ರ, ಅದು..." ಎಂದು ಒಂದು ಹೆಜ್ಜೆ ಮುಂದಿಟ್ಟಳು.

"ನಂದ ತಪ್ಪ್ರಿ," ಎಂದ ಹುಲಗಪ್ಪ ಗಟ್ಟಿಯಾಗಿ. "ಬ್ಯಾಟರಿಯೊಳಗ ಒಂದು ಮನಿ, ಅಂದ್ರ ಸೆಲ್ಲು, ಕೆಟ್ಟಿತ್ತು. ಮೊದಲನೇ ದಿನಾನ ನೋಡಬೇಕಾಗಿತ್ತು. ನನ್ನ ಕಣ್ಣಿಗೆ ಬೀಳಲಿಲ್ಲ. ಈಗ ಸರಿ ಮಾಡೇನಿ."

ಊರವರ ತಪ್ಪನ್ನೆಲ್ಲ ಬೀದಿಗೆ ತಂದವನ ತಪ್ಪು ಸಿಕ್ಕಿತ್ತಲ್ಲ. ಜನ ನಕ್ಕರು, ಹೆಡ್‌ಮಾಸ್ತರರು ಎಲ್ಲರಿಗಿಂತ ಜೋರಾಗಿ. ಸಾಹುಕಾರರ ಮುಖ ಬಿಗಿಯಿತು. ಮರುದಿನದಿಂದ ಗಿರಣಿಯ ಲಾರಿಗಳ ಬ್ಯಾಟರಿಗಳೆಲ್ಲ ಗದಗಿಗೆ ಹೋದವು. ಆದರೆ ಹುಲಗಪ್ಪನಿಗೆ ತಾಗಿದ್ದು ಅದಲ್ಲ. ಯಂಕಪ್ಪ ಹಗ್ಗ ಬಿಟ್ಟು ಬಂದು ಅವನ ಎದುರು ನಿಂತ.

"ಆರು ತಿಂಗಳು ನಿನ್ನ ತಪ್ಪಿಗೆ ನಾ ಬೈಸಿಕೊಂಡೆ. ಹೆಂಡರು ಮಕ್ಕಳನ್ನ ಬೀದಿಗೆ ತರತಿದ್ದಿ. ಇನ್ನ ನನ್ನ ಕಣ್ಣಿಗೆ ಬೀಳಬ್ಯಾಡಲೇ."

ಹುಲಗಪ್ಪ ತಲೆಯಾಡಿಸಿ ಸೈಕಲ್ಲಿನ ಕಡೆ ನಡೆದ. ದಾರಿಯಲ್ಲಿ ನಾನು ಅವನಿಗೆ ಚೆನ್ನಾಗಿ ಬೈದೆ. ಯಂಕಪ್ಪನಿಗಾದರೂ ಗುಟ್ಟಾಗಿ ಹೇಳಬಹುದಿತ್ತಲ್ಲ ಎಂದೆ. "ಅಂವ ನನ್ನ ಮ್ಯಾಲ ಸಿಟ್ಟು ಮಾಡಿದ್ರ ನಾ ಮುಂಡರಗ್ಯಾಗ ಇರತೀನ್ರಿ ರಾಯರ," ಎಂದ. "ಆಕಿಮ್ಯಾಲ ಮಾಡಿದ್ರ ಆಕಿ ಅದ ಮನ್ಯಾಗ ಇರಬೇಕು."

ಆಮೇಲಿನ ಅವನ ಬಾಳು ಹೇಳಲು ಹೆಚ್ಚಿಲ್ಲ. ಎರಡನೆಯ ವರ್ಷ ಬಸ್ ನಿಲ್ಲುವಲ್ಲಿ ಇನ್ನೊಂದು ಬ್ಯಾಟರಿ ಅಂಗಡಿಯಾಯಿತು. ಕೆಲಸದ ತಪ್ಪನ್ನು ತನ್ನ ಬಾಯಿಂದಲೇ ಒಪ್ಪಿಕೊಂಡವನ ಹತ್ತಿರ ಯಾರು ಹೋಗುತ್ತಾರೆ, ಹೆಚ್ಚಿನ ಗಿರಾಕಿಗಳು ಅಲ್ಲಿಗೆ ತಿರುಗಿದರು. ಅವನಿಗೆ ಉಳಿದದ್ದು ರೇಡಿಯೋಗಳು, ಹಳೆಯ ಎರಡು ಲಾರಿ. ಅಮಾವಾಸ್ಯೆಯ ಹಿಂದಿನ ದಿನ ದುರಗವ್ವ ಬಸ್ಸಿಗೆ ಬಂದು ತುಂಬಿದ ಬ್ಯಾಟರಿಯನ್ನು ಸಿಂಬಿಯ ಮೇಲೆ ಹೊತ್ತುಕೊಂಡು ಹೋಗುತ್ತಿದ್ದಳು. ಮಗ ಕೇಳಿದರೆ ಪೋಸ್ಟಿನ ರಾಯರು ಕೊಟ್ಟರು ಎನ್ನಬೇಕೆಂದು ಹುಲಗಪ್ಪನೇ ಕಲಿಸಿದ್ದ. ಇದರಿಂದ ಯಂಕಪ್ಪ ಎಲ್ಲಿ ಸಿಕ್ಕರೂ ನನಗೆ ಕೈ ಮುಗಿಯುತ್ತಿದ್ದ, ಬದಿಯಲ್ಲಿ ಹುಲಗಪ್ಪನಿದ್ದರೆ ಅವನತ್ತ ನೋಡುತ್ತಲೂ ಇರಲಿಲ್ಲ. ಆ ನಮಸ್ಕಾರ ತೆಗೆದುಕೊಳ್ಳುವುದು ನನಗೆ ಎಷ್ಟು ಕ್ಲೇಶವಾಗುತ್ತಿತ್ತೆಂದು ಹೇಳಲಾರೆ. ಒಮ್ಮೆ ದುರಗವ್ವ ತಾನೇ ಹೇಳಿಬಿಡುತ್ತೇನೆಂದು ಹಟ ಹಿಡಿದಳು. ಹುಲಗಪ್ಪ ಅವಳಿಂದ ಆಣೆ ಹಾಕಿಸಿಕೊಂಡ.

ಅರವತ್ತನಾಲ್ಕರ ಚಳಿಗಾಲದಲ್ಲಿ ಹುಲಗಪ್ಪ ಮೂರು ದಿನದ ಜ್ವರದಲ್ಲಿ ತೀರಿಕೊಂಡ. ಬಂಧುಗಳೆಂದು ಯಾರೂ ಇರಲಿಲ್ಲ. ಅಂಗಡಿಯ ಮುಂದೆ ಹತ್ತು ಹನ್ನೆರಡು ಜನ ಸೇರಿದ್ದೆವು. ಮಧ್ಯಾಹ್ನದ ಬಸ್ಸಿಗೆ ದುರಗವ್ವ ಬಂದಳು, ತೀರ ಹಣ್ಣಾಗಿದ್ದಳು. ಕೈ ಹಿಡಿದು ಕರೆತಂದವನು ಯಂಕಪ್ಪ. ತಾಯಿ ಕೇಳಿದ್ದಕ್ಕೆ ಬಂದಿದ್ದ, ದೂರವೇ ನಿಂತ. ಪಕ್ಕದಲ್ಲಿದ್ದವನಿಗೆ ಹೇಳಿದ, "ಮನಷ್ಯಾ ಕೆಟ್ಟಾಂವಲ್ಲ. ಆದ್ರ ಕೆಲಸ ಬರತಿದ್ದಿಲ್ಲ."

ದುರಗವ್ವನಿಗೆ ಅದು ಕೇಳಿಸಿತು. ಅವಳು ಹೆಣದ ತಲೆಯ ಹತ್ತಿರ ಕೂತಿದ್ದಳು, ಕೂತಲ್ಲಿಂದಲೇ ಹೇಳಿದಳು, "ಯಂಕಪ್ಪಾ, ನಿನ್ನ ಲಾಂಚ್ ನಿಲ್ಲಿಸಿದಾಕಿ ನಾನು. ಅಮಾಸಿಗೊಮ್ಮೆ ನಿಮ್ಮಣ್ಣನ ಸಲುವಾಗಿ ಲಾಂಚಿನ ದೀಪ ಹಚ್ಚತಿದ್ದೆ, ಅದಕ್ಕ ಬ್ಯಾಟರಿ ಸಾಯತಿತ್ತು. ಇಂವ ಹುಡುಕಿದ. ಹುಡುಕಿ ತನ್ನ ಮ್ಯಾಲ ಹಾಕ್ಕೊಂಡ. ಇಷ್ಟು ವರ್ಷ ದಂಡಿಮ್ಯಾಲಿನ ದೀಪ ಇಂವಂದ, ರಾಯರದಲ್ಲ. ಹೇಳಬ್ಯಾಡ ಅಂತ ಆಣಿ ಹಾಕಿಸಿದ್ದ. ಆಣಿ ಹಾಕಿಸಿದಾಂವ ಹೋದ."

ಯಂಕಪ್ಪ ನನ್ನ ಕಡೆ ನೋಡಿದ. ನಾನು ಹೌದೆಂದು ತಲೆಯಾಡಿಸಿದೆ. ಅವನು ತಾಯಿಗೆ ಒಂದು ಮಾತೂ ಅನ್ನಲಿಲ್ಲ. ಚಪ್ಪಲಿ ಕಳಚಿ, ರುಮಾಲು ತೆಗೆದು ಹೆಗಲಿಗೆ ಮಡಿಸಿಕೊಂಡು ಚಟ್ಟದ ಮುಂದಿನ ಬದಿಗೆ ಬಂದು ಹೆಗಲು ಕೊಟ್ಟ. ಸುಡುಗಾಡು ಒಂದೂವರೆ ಮೈಲು. ದಾರಿಯಲ್ಲಿ ಉಳಿದ ಮೂವರು ಎರಡು ಮೂರು ಸಲ ಹೆಗಲು ಬದಲಿಸಿದರು. ಯಂಕಪ್ಪನ ಹತ್ತಿರ ಯಾರು ಬಂದು ಕೈ ಚಾಚಿದರೂ ಅವನು ತನ್ನ ಬದಿ ಬಿಟ್ಟುಕೊಡಲಿಲ್ಲ.